ಬಿಸಿಲು ತಿಂದ ಕೆಂಪು

ಅಪ್ಪನ ಯೆಜ್ಡಿಗೆ ಎರಡು ಬಣ್ಣ ಬಂದುಬಿಟ್ಟಿತ್ತು. ಗೋಡೆಯ ಕಡೆಗಿದ್ದ ಎಡಮಗ್ಗುಲು ಇನ್ನೂ ಕಡುಗೆಂಪು. ಪಡುವಣಕ್ಕೆ ತೆರೆದುಕೊಂಡಿದ್ದ ಬಲಮಗ್ಗುಲು ಮಾತ್ರ ಸೀಬೆಹಣ್ಣಿನ ಒಳತಿರುಳಿನ ಹಾಗೆ ಬಿಳಿಚಿಕೊಂಡಿತ್ತು. ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಆ ಎರಡೂ ಸೇರುವ ಕಡೆ ಗೆರೆಯೇನೂ ಇರಲಿಲ್ಲ, ಎಲ್ಲಿಂದಲೋ ಮಂಕಾಗುತ್ತ ಬಂದು ಬೇರೆಯದೇ ಬಣ್ಣವಾಗುತ್ತಿತ್ತು. ಬೆರಳಿಟ್ಟು ಸವರಿದರೆ ಸೀಮೆಸುಣ್ಣದಂಥ ಗುಲಾಬಿ ಪುಡಿ ಅಂಟುತ್ತಿತ್ತು. ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿರುವ ನನಗೆ ಅಂಥ ಪುಡಿ ದಿನನಿತ್ಯದ್ದು. ಅಪ್ಪನ ಬೈಕಿನ ಮೇಲೆ ಅದನ್ನು ಕಂಡಾಗ ಯಾಕೋ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಅಪ್ಪ ಹೋದದ್ದು 2012ರಲ್ಲಿ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಂಪಲಾಪುರದ ಹತ್ತಿರ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ತಗಡಿನ ಒಂದು ಇಳಿಚಪ್ಪರವಿದೆ. ಕಡ್ಡಿ, ಸೌದೆ, ಔಷಧಿ ಹೊಡೆಯುವ ಟ್ಯಾಂಕು, ಮುರಿದ ನೇಗಿಲು ಎಲ್ಲ ಅಲ್ಲೇ. ಯೆಜ್ಡಿಯೂ ಅಲ್ಲೇ ಹನ್ನೊಂದು ವರ್ಷ ನಿಂತಿತ್ತು. ಪ್ರತಿ ಆಯುಧಪೂಜೆಗೆ ತಮ್ಮ ಅದಕ್ಕೆ ಒಂದು ಬಕೆಟ್ ನೀರು ಎರಚಿ, ಹೆಡ್‌ಲೈಟಿನ ಮೇಲೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದ. ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದ, ಆದರೆ ಅದನ್ನು ತುಳಿಯುವಷ್ಟು ದೂರವೂ ಗಾಡಿ ಚಲಿಸುತ್ತಿರಲಿಲ್ಲ.

ಕಳೆದ ಸಲ ದಸರಾ ರಜೆಗೆ ಮುಂಚೆ ತಮ್ಮ ಫೋನು ಮಾಡಿದ. "ಅಣ್ಣ, ಬೆಂಗ್ಳೂರಿಂದ ಒಬ್ರು ಬಂದು ಗಾಡಿ ನೋಡ್ಕಂಡೋದ್ರು. ಒಂದೂಕಾಲು ಲಕ್ಷ ಅಂತವ್ರೆ. ಬಣ್ಣ ಒಂದು ಸರಿ ಮಾಡ್ಸಿ ಅಂದ್ರು."

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಮೇಲೆ ಹಳೆಯವನ್ನು ಹುಡುಕಿಕೊಂಡು ಹಳ್ಳಿಹಳ್ಳಿಗೆ ಬರುವವರು ಹೆಚ್ಚಾಗಿದ್ದಾರೆ. ತಮ್ಮನಿಗೆ ಬ್ಯಾರನ್ನಿನ ಕೊಳವೆಗಳನ್ನು ಬದಲಿಸಬೇಕಿತ್ತು, ಚಾವಣಿಯ ಒಂದು ಮೂಲೆ ಸೋರುತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಕು ಎನ್ನಲೂ ಬರಲಿಲ್ಲ. "ಬಣ್ಣದ ಕೆಲಸ ನಾನೇ ಮಾಡ್ತೀನಿ, ರಜೆಗೆ ಬರ್ತೀನಿ" ಅಂದೆ. ಸಂಬಳದವನು ತಮ್ಮನ ಕಷ್ಟದಲ್ಲಿ ಕೈ ಹಾಕಿದಂತೆಯೂ ಆಯಿತು, ಜೇಬಿಗೆ ಕೈ ಹಾಕದಂತೆಯೂ ಆಯಿತು.

ಅಪ್ಪ ಅದನ್ನು ಕೊಂಡದ್ದು 1986ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 1984ರಲ್ಲಿ, ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಆರಂಭಿಸಿತ್ತು. ಅಲ್ಲಿಯವರೆಗೆ ಮನೆಬಾಗಿಲಿಗೆ ಬರುವ ವ್ಯಾಪಾರಿ ಹೇಳಿದ್ದೇ ಬೆಲೆ ಎಂದು ಅಪ್ಪ ಹೇಳುತ್ತಿದ್ದರು. ಹರಾಜು ಕಟ್ಟೆಯ ಮೇಲೆ ತನ್ನ ಬೇಲಿನ ಮುಂದೆ ನಾಲ್ಕು ಜನ ನಿಂತು ಬೆಲೆ ಕೂಗುವುದನ್ನು ನೋಡಿದ ಮೇಲೆ ಅವರಿಗೆ ಒಂದು ಗಾಡಿ ಕೊಳ್ಳಬಹುದು ಎನ್ನಿಸಿತಂತೆ. ಯೆಜ್ಡಿಯೇ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳು ತಯಾರಾಗುತ್ತಿದ್ದವು, 1973ರಿಂದ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಕೆಟ್ಟರೆ ಸಾಮಾನು ಮೈಸೂರಿನಲ್ಲಿ ಸಿಗುತ್ತದೆ, ಬಿಚ್ಚಿ ಕಟ್ಟಲು ಹುಣಸೂರಿನಲ್ಲಿ ಜನ ಇದ್ದಾರೆ, ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಸಲಾಕೆ. ಆ ಸಲಾಕೆಯನ್ನು ಹಿಂದಕ್ಕೆ ಮಡಚಿ ಒದೆಯುವುದು ಅಪ್ಪನಿಗೆ ತಮಾಷೆಯ ಆಟವಾಗಿತ್ತು. ಹೆಗ್ಗಡದೇವನಕೋಟೆ ಕಡೆಯ ತವರಿಗೆ ಅವ್ವ ಬಸ್ಸಿನಲ್ಲಿ ಹೋಗುವುದು ಆ ವರ್ಷಕ್ಕೆ ನಿಂತಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪನ ಗಾಡಿ ಅದಾದಮೇಲೂ ಹದಿನಾಲ್ಕು ವರ್ಷ ಓಡಿತು.

ಬಣ್ಣದ ಕೆಲಸ ನಾನೇ ಮಾಡುತ್ತೇನೆ ಎಂದದ್ದೇನೋ ಸರಿ, ನನಗೆ ಗೊತ್ತಿದ್ದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಒಂದೇ ಉಪಾಯ: ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಟ್ಟೆಯಲ್ಲಿ ಒರೆಸುವುದು. ಒಂದು ಭಾನುವಾರ ಊರಿಗೆ ಹೋದಾಗ ಡೀಸೆಲ್ಲಿನಲ್ಲಿ ಹಾಗೇ ಮಾಡಿದೆ. ಅದ್ಭುತ! ಬಲಮಗ್ಗುಲೂ ಕೆಂಪಗಾಯಿತು. ತಮ್ಮ ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿಯೂ ಬಿಟ್ಟ. ಮೂರನೆಯ ದಿನಕ್ಕೆ ಎಣ್ಣೆ ಆರಿ, ಅದರ ಮೇಲೆ ನಮ್ಮ ಕೆಂಪುಮಣ್ಣಿನ ಧೂಳು ಕೂತು, ಟ್ಯಾಂಕು ಹೋಳಿಗೆ ತಟ್ಟಿದ ಬಾಳೆಲೆಯಂತಾಗಿತ್ತು. ಒಣಗಿದ ಬಣ್ಣ ಎಣ್ಣೆ ಕುಡಿದಾಗ ಒದ್ದೆಯಾದ ಕಲ್ಲಿನ ಹಾಗೆ ಗಾಢವಾಗಿ ಕಾಣುತ್ತದೆ, ಅಷ್ಟೆ. ಕಲ್ಲು ಒಣಗಿದರೆ ಮತ್ತೆ ಅದೇ ಕಲ್ಲು.

ಹುಣಸೂರಿನ ಒಂದು ವರ್ಕ್‌ಶಾಪಿನಲ್ಲಿ ವಿಚಾರಿಸಿದೆ. "ಪೂರ್ತಿ ಕೆರೆದು ತಗಡಿಗೆ ತಂದು, ಪಟ್ಟಿ ಹಾಕಿ, ಪ್ರೈಮರ್ ಹೊಡೆದು ಹೊಸ ಪೇಂಟ್ ಹೊಡೆದರೆ ನಾಲ್ಕು ದಿನಕ್ಕೆ ಶೋರೂಮ್ ಗಾಡಿ ಸಾರ್" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿ ನಿಲ್ಲಿಸಿದ್ದ ಗಾಡಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಆದರೂ ಕೆರೆಯುವುದು ಎಂಬ ಮಾತಿಗೆ ನಾನು ಹಿಂದೆ ಸರಿದೆ.

ಕೆ.ಆರ್. ನಗರದಲ್ಲಿ ನಮ್ಮ ಶಾಲೆಯಿಂದ ಸ್ವಲ್ಪ ದೂರದಲ್ಲಿ ಒಬ್ಬ ಮೇಸ್ತ್ರಿಯಿದ್ದಾರೆ. ಎಪ್ಪತ್ತು ಸಮೀಪಿಸಿರಬೇಕು. ಹುಡುಗನಾಗಿದ್ದಾಗ ಹುಣಸೂರಿನಲ್ಲಿ ಎತ್ತಿನ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಹುಣಸೂರು ಮರದ ಕೆಲಸಕ್ಕೂ ಗಾಡಿ ಕಟ್ಟುವುದಕ್ಕೂ ಬ್ರಿಟಿಷರ ಕಾಲದಿಂದ ಹೆಸರಾದ ಊರು ತಾನೆ. ಆಮೇಲೆ ಲಾರಿ ಬಾಡಿ, ಆಮೇಲೆ ಅಂಬಾಸಿಡರ್ ಕಾರು. ಈಗ ಕಣ್ಣು ಸರಿಯಿಲ್ಲವೆಂದು ಕೆಲಸ ಬಿಟ್ಟು, ಮಗನ ಅಂಗಡಿಯಲ್ಲಿ ಕೂತಿರುತ್ತಾರೆ. ಯೆಜ್ಡಿಯ ಬಲಗಡೆಯ ಸೈಡ್ ಬಾಕ್ಸಿನ ಮುಚ್ಚಳವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದಿಟ್ಟೆ.

ಅವರು ಮೊದಲು ಮುಚ್ಚಳವನ್ನು ತಿರುವಿ ಒಳಭಾಗ ನೋಡಿದರು. ಬಿಸಿಲು ಕಾಣದ ಅಂಚಿನಲ್ಲಿ ಮೂಲ ಕೆಂಪು ಹಾಗೇ ಇತ್ತು. "ಇದು ಹುಟ್ಟುಬಣ್ಣ" ಅಂದರು. ಆಮೇಲೆ ಹಳೆಯ ಬನಿಯನ್ ತುಂಡನ್ನು ನೀರಿನಲ್ಲಿ ಅದ್ದಿ, ಚೂರೇ ಚೂರು ಪಾಲಿಷ್ ಹಚ್ಚಿ, ಹೊರಭಾಗದ ಒಂದು ಮೂಲೆಯನ್ನು ಹತ್ತು ಸಲ ಉಜ್ಜಿ, ಬಟ್ಟೆಯನ್ನು ನನಗೆ ತೋರಿಸಿದರು. ಬಟ್ಟೆ ಕೆಂಪಾಗಿತ್ತು.

"ಬಟ್ಟೆಗೆ ಬಣ್ಣ ಬಂತು ನೋಡಿ ಮೇಷ್ಟ್ರೇ, ಹಂಗಾರೆ ಜೀವ ಅದೆ. ಈಗಿನ ಗಾಡಿಗಳಲ್ಲಿ ಬಣ್ಣದ ಮೇಲೆ ಗಾಜಿನಂಗೆ ಇನ್ನೊಂದು ಕೋಟು ಹೊಡೆದಿರ್ತಾರೆ. ಅದು ಕಿತ್ತೋದ್ರೆ ಉಜ್ಜಿ ಪ್ರಯೋಜನ ಇಲ್ಲ, ಮತ್ತೆ ಹೊಡೀಲೇಬೇಕು. ಇದು ಹಳೇದು, ಮೇಲಿಂದ ಕೆಳಗಿನ ತನಕ ಒಂದೇ ಬಣ್ಣ. ಸತ್ತಿರೋದು ಮೇಲಿನ ಪೊರೆ ಮಾತ್ರ."

ಸತ್ತ ಪೊರೆ ಎಂಬುದು ಸರಿಯಾದ ಮಾತು ಎಂದು ಆಮೇಲೆ ನನ್ನಷ್ಟಕ್ಕೆ ಓದಿಕೊಂಡಾಗ ತಿಳಿಯಿತು. ಬಣ್ಣವೆಂದರೆ ಬಣ್ಣದ ಕಣಗಳು ಮತ್ತು ಅವನ್ನು ಹಿಡಿದಿಟ್ಟಿರುವ ಅಂಟು. ಬಿಸಿಲಿನ ನೇರಳಾತೀತ ಕಿರಣ, ಗಾಳಿಯ ಆಮ್ಲಜನಕ, ರಾತ್ರಿಯ ಇಬ್ಬನಿ ಮೂರೂ ಸೇರಿ ಮೊದಲು ಕೊಲ್ಲುವುದು ಅಂಟನ್ನು. ಅಂಟು ಸವೆದಾಗ ಮೇಲ್ಮೈ ಒರಟಾಗಿ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ, ಅದಕ್ಕೇ ಮಂಕು. ಹಿಡಿತ ತಪ್ಪಿದ ಕಣಗಳು ಪುಡಿಯಾಗಿ ಬೆರಳಿಗೆ ಬರುತ್ತವೆ. ಕೆಂಪಿನ ಪಾಡು ಇನ್ನೂ ಕಷ್ಟ, ಅದರ ಎಷ್ಟೋ ಬಣ್ಣಕಣಗಳೇ ಬಿಸಿಲಿಗೆ ಬೇಗ ಸೋಲುತ್ತವೆ. ಹುಣಸೂರು ಹರಾಜು ಕಟ್ಟೆಯ ಮುಂದೆ ಸಾಲಾಗಿ ನಿಂತ ಟ್ರ್ಯಾಕ್ಟರುಗಳನ್ನು ನೋಡಿ. ನೀಲಿಯವು ಹೇಗೋ ಮರ್ಯಾದೆ ಉಳಿಸಿಕೊಂಡಿರುತ್ತವೆ, ಕೆಂಪಿನವು ಬಾನೆಟ್ಟಿನ ಮೇಲೆ ತೊಳೆದು ತೊಳೆದು ಉಟ್ಟ ಸೀರೆಯಂತಾಗಿರುತ್ತವೆ. ಬಿಸಿಲು ಕಬ್ಬಿಣವನ್ನು ಮುಟ್ಟದಿರಲೆಂದು ಬಣ್ಣ ನಿಂತಿರುತ್ತದೆ, ತಾನು ತಿನ್ನಿಸಿಕೊಳ್ಳುತ್ತದೆ. ಮೇಲಿನ ಪೊರೆ ಸತ್ತು ಕೆಳಗಿನದಕ್ಕೆ ನೆರಳಾಗುತ್ತದೆ.

ಮೇಸ್ತ್ರಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಹೊಳಪು ತರುವುದೆಂದರೆ ಹಚ್ಚುವುದಲ್ಲ, ತೆಗೆಯುವುದು. "ಉಜ್ಜಿದಷ್ಟೂ ಚೆನ್ನಾಗಾಯ್ತದೆ ಅನ್ಕೋಬೇಡಿ. ಇರೋದೇ ಕೂದಲೆಳೆಯಷ್ಟು. ಒಂದ್ಸಲ ತಗಡು ಕಂಡ್ರೆ ನಿಮ್ಮಪ್ಪನ ಗಾಡಿ ಬಣ್ಣ ಮೈಸೂರಲ್ಲೂ ಸಿಗಾಕಿಲ್ಲ, ಕಾರ್ಖಾನೆನೇ ಇಲ್ವಲ್ಲ." ಒಣದಾಗಿ ಉಜ್ಜಬೇಡಿ, ಹಳೆಯ ಬಣ್ಣದ ಪುಡಿಯಲ್ಲಿ ಸೀಸ ಇರುತ್ತದೆ, ಒದ್ದೆ ಬಟ್ಟೆಯಲ್ಲೇ ಕೆಲಸ ಮಾಡಿ, ಮಕ್ಕಳನ್ನು ದೂರ ಇಡಿ ಎಂದೂ ಹೇಳಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವರ ಮೊಮ್ಮಗಳು ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆಂದು ಆಮೇಲೆ ಗೊತ್ತಾಯಿತು.

ರಜೆ ಶುರುವಾದ ಎರಡನೇ ದಿನ ಕೆಲಸಕ್ಕೆ ಕೂತೆ. ಬ್ಯಾರನ್ ಉರಿಯುತ್ತಿದ್ದ ದಿನಗಳವು. ಚಪ್ಪರದ ಕೆಳಗೆ ಕಾವು, ಹಸಿ ಎಲೆಯ ಘಾಟು. ಮನೆಯ ಜಗಲಿಯ ಮೇಲೆ ಅವ್ವ ಬೆಂದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ನಾನು ಗಾಡಿಯನ್ನು ತಳ್ಳಿಕೊಂಡು ಜಗಲಿಯ ನೆರಳಿಗೇ ತಂದೆ. ಬಿಸಿಲಿನಲ್ಲಿ ಪಾಲಿಷ್ ಉಜ್ಜುವ ಮೊದಲೇ ಒಣಗಿ ಕಚ್ಚಿಕೊಳ್ಳುತ್ತದೆ.

ಮೊದಲ ದಿನವೆಲ್ಲ ತೊಳೆಯುವುದೇ ಆಯಿತು. ಹನ್ನೊಂದು ವರ್ಷದ ಧೂಳು, ನನ್ನದೇ ಡೀಸೆಲ್ ಜಿಡ್ಡು, ಟಾರಿನ ಚುಕ್ಕೆಗಳು, ಕುಂಕುಮದ ಕಲೆ, ಹಾರದ ದಾರ ಅಂಟಿದ್ದ ಗುರುತು. ನೀರು ಬದಲಿಸಿದಷ್ಟೂ ಕೆಂಪು. ಮಣ್ಣಿನ ಕೆಂಪು ಯಾವುದು, ಗಾಡಿಯ ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ಒಂದು ಕಣ ಮರಳು ಬಟ್ಟೆಯಲ್ಲಿ ಉಳಿದರೂ ಅದು ಗೀರುತ್ತ ಹೋಗುತ್ತದೆ, ಅದಕ್ಕೇ ಈ ಕೆಲಸದಲ್ಲಿ ಅರ್ಧ ಪಾಲು ಬರಿ ಸ್ನಾನ.

ಎರಡನೇ ದಿನ ಟ್ಯಾಂಕಿನ ಅಂಚು, ಮಡ್‌ಗಾರ್ಡಿನ ತುದಿ, ಮುಚ್ಚಳದ ಸುತ್ತ ಟೇಪು ಅಂಟಿಸಿದೆ. ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಮೊದಲು ಹರಿಯುವುದು ಅಲ್ಲೇ. ರಬ್ಬಿಂಗ್ ಕಾಂಪೌಂಡನ್ನು ಹಳೇ ಪಂಚೆಯ ತುಂಡಿಗೆ ಹುಣಸೇಬೀಜದಷ್ಟು ತೆಗೆದುಕೊಂಡು, ಅಂಗೈಯಗಲದ ಜಾಗವನ್ನು ಮಾತ್ರ ಉದ್ದುದ್ದಕ್ಕೆ, ಹಗುರಾಗಿ ಉಜ್ಜಿ, ಬೇರೆ ಬಟ್ಟೆಯಲ್ಲಿ ಒರೆಸಿ, ನೋಡಿ, ಸಾಕೆನಿಸಿದರೆ ಮುಂದಿನ ಅಂಗೈ. ಬಟ್ಟೆ ಕೆಂಪಾದಂತೆ ಮಡಚಿ ಹೊಸ ಮಗ್ಗುಲು. ಮೊದಲ ಅಂಗೈಯಗಲ ಜಾಗದಲ್ಲಿ ಕೆಂಪು ಮೇಲೆ ಬಂದಾಗ ನಾನು ಜೋರಾಗಿ ಕೂಗಿದೆನಂತೆ. ಅವ್ವ ಹಾವೇನಾದರೂ ಬಂತೇ ಎಂದು ಎದ್ದು ಬಂದಳು.

ಆ ಹುಮ್ಮಸ್ಸಿನಲ್ಲೇ ತಪ್ಪು ಮಾಡಿದೆ. ಸಂಜೆಯ ಹೊತ್ತಿಗೆ ತೋಳು ಸೋತು, ಟ್ಯಾಂಕಿನ ಮುಂದಿನ ಏಣಿನ ಮೇಲೆ ಟೇಪು ಕಿತ್ತುಬಂದದ್ದನ್ನು ನೋಡದೆ ಉಜ್ಜಿದೆ. ಕಾಸಿನಗಲ ಕೆಂಪು ಹೋಗಿ ಪ್ರೈಮರ್ ಕಂಡಿತು. ಅದೆಷ್ಟು ಸಣ್ಣದು ಎಂದು ತಮ್ಮ ಸಮಾಧಾನ ಮಾಡಿದ. ಆದರೆ ಮೂವತ್ತೇಳು ವರ್ಷ ಬಿಸಿಲು ಮಾಡಲಾಗದ್ದನ್ನು ನಾನು ಎರಡು ನಿಮಿಷದಲ್ಲಿ ಮಾಡಿದ್ದೆ.

ಬಣ್ಣದ ವಿಷಯದಲ್ಲಿ ಅಪ್ಪ ಹೀಗೆ ಅವಸರ ಮಾಡುವವರಲ್ಲ. ಹೊಗೆಸೊಪ್ಪಿನ ಬೇಸಾಯದಲ್ಲಿ ಬಣ್ಣವೇ ಬೆಲೆ. ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಅಟ್ಟಕ್ಕೆ ಏರಿಸಿದಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಸಣ್ಣ ಕಾವಿನಲ್ಲಿ ಎಲೆ ನಿಧಾನ ಹಣ್ಣಾಗಬೇಕು, ಹಳದಿ ತಿರುಗಿದ ಗಳಿಗೆ ನೋಡಿ ಕಾವು ಏರಿಸಿ ಆ ಬಣ್ಣವನ್ನು ಅಲ್ಲಿಗೇ ಕಟ್ಟಿಹಾಕಬೇಕು, ಕೊನೆಗೆ ನಡುನಾರು ಒಣಗುವಷ್ಟು ಕಾವು. ಒಂದು ಗಳಿಗೆ ಮುಂಚೆಯಾದರೆ ಹಸಿರು ಉಳಿಯುತ್ತದೆ, ಒಂದು ಗಳಿಗೆ ತಡವಾದರೆ ಕಂದು ಬೀಳುತ್ತದೆ. ಬ್ರೈಟಿಗೂ ಲೋ ಗ್ರೇಡಿಗೂ ನಡುವೆ ಒಂದು ವರ್ಷದ ಸಾಲವೇ ಇರುತ್ತದೆ. ಅಪ್ಪ ಎಲೆ ವಿಂಗಡಿಸುತ್ತಿದ್ದದ್ದು ಬೆಳಗ್ಗೆ ಹತ್ತರಿಂದ ಮೂರರೊಳಗೆ, ಜಗಲಿಯ ಇದೇ ಜಾಗದಲ್ಲಿ. "ದೀಪದ ಬೆಳಕಲ್ಲಿ ಎಲೆ ಮುಟ್ಟಬ್ಯಾಡ, ಅದು ಸುಳ್ಳು ಹೇಳ್ತದೆ" ಎಂದು ನಮ್ಮನ್ನು ಗದರಿಸುತ್ತಿದ್ದರು. ನಮಗೆ ಎಲ್ಲ ಹಳದಿಯಾಗಿ ಕಾಣುವ ರಾಶಿಯಲ್ಲಿ ಅವರು ಏಳೆಂಟು ಹಳದಿ ಬೇರೆ ಮಾಡುತ್ತಿದ್ದರು.

ಮೂರನೇ ದಿನ ಬಲಮಗ್ಗುಲಿಗೆ ಬಂದೆ. ಬಿಳಿಚಿದ ಪೊರೆ ಇಲ್ಲಿ ದಪ್ಪ. ಎರಡು ಸಲ, ಕೆಲವು ಕಡೆ ಮೂರು ಸಲ ಬೇಕಾಯಿತು. ಮೊಣಕಾಲು ತಾಗುವ ಜಾಗದ ಹಿಂದೆ, ಮೇಲಕ್ಕೆ, ಕೆಂಪು ಎದ್ದುಬರುತ್ತಿದ್ದಂತೆ ನಡುವೆ ಒಂದು ಬೇರೆ ಕೆಂಪು ಕಾಣಿಸಿಕೊಳ್ಳತೊಡಗಿತು. ಅಂಗೈಯಗಲ ಇರಬಹುದು. ಸುತ್ತಲಿನದು ಮಾಗಿದ ನೇರಳೆಯ ಕಡೆಗೆ ತಿರುಗುವ ಕೆಂಪು, ಇದು ಕಿತ್ತಲೆಯ ಕಡೆಗೆ ತಿರುಗುವ ಕೆಂಪು. ಬೆಳಕಿಗೆ ಓರೆಯಾಗಿ ನೋಡಿದರೆ ಬ್ರಷ್ಷಿನ ಗೆರೆಗಳು. ಕೈಯಿಟ್ಟರೆ ಅಲ್ಲಿ ತಗಡು ಸ್ವಲ್ಪ ತಗ್ಗು. ಬಿಸಿಲಿನಲ್ಲಿ ಎರಡೂ ಬೆಳ್ಳಗಾಗಿ ಒಂದೇ ಬಣ್ಣವಾಗಿಬಿಟ್ಟಿದ್ದವು. ಉಜ್ಜಿದ್ದರಿಂದ ಮತ್ತೆ ಬೇರೆಯಾಗಿದ್ದವು.

ನನಗೆ ಆ ತಗ್ಗು ಗೊತ್ತಿತ್ತು. ಆ ಬಣ್ಣ ಗೊತ್ತಿರಲಿಲ್ಲ.

1994. ಹುಣಸೂರಿನಲ್ಲಿ ಪಿಯುಸಿ ಎರಡನೇ ವರ್ಷ. ಇಂಥದೇ ಬ್ಯಾರನ್ ಕಾಲ. ರಾತ್ರಿಯೆಲ್ಲ ಬೆಂಕಿ ಕಾದು ಅಪ್ಪ ಹಗಲು ಮಲಗಿದ್ದಾಗ ಕೇಳದೆ ಗಾಡಿ ತೆಗೆದುಕೊಂಡು ಸಿನಿಮಾಕ್ಕೆ ಹೋದೆ. ವಾಪಸು ಬರುವಾಗ ನಮ್ಮೂರ ತಿರುವಿನಲ್ಲಿ, ಟ್ರ್ಯಾಕ್ಟರಿನ ಚಕ್ರದಿಂದ ಉದುರಿದ ಕೆಸರಿನ ಮೇಲೆ ಜಾರಿ ಬಲಕ್ಕೆ ಬಿದ್ದೆ. ಟ್ಯಾಂಕು ಮೈಲಿಗಲ್ಲಿಗೆ ಬಡಿಯಿತು. ಇಂಜಿನ್ ಆಫ್ ಮಾಡಿ ಮನೆಯವರೆಗೆ ತಳ್ಳಿಕೊಂಡು ಬಂದೆ. ಬಲಮಗ್ಗುಲು ಗೋಡೆಗೆ ಬರುವ ಹಾಗೆ ಚಪ್ಪರದಲ್ಲಿ ನಿಲ್ಲಿಸಿದೆ. ಮಂಡಿಯ ಗಾಯಕ್ಕೆ ವಾಲಿಬಾಲ್ ಎಂದೆ. ಮಾರನೆಯ ದಿನ ಊಟಕ್ಕೆ ಕೂತಾಗ ಅಪ್ಪ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು: "ನೆನ್ನೆ ಕಂಪಲಾಪುರದ ತಾವ ಜಾರ್ಬುಟ್ಟೆ ಕಣೆ. ಟ್ಯಾಂಕು ವಸಿ ತಗ್ಗಾಗದೆ." ನಾನು ಅನ್ನ ಕಲಸುತ್ತಲೇ ಇದ್ದೆ. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಆ ವಾರವೇ ಟ್ಯಾಂಕಿಗೆ ಕಪ್ಪು ರೆಕ್ಸಿನ್ ಹೊದಿಕೆ ಬಂತು. ಬಣ್ಣ ಕಾಪಾಡಲು ಎಲ್ಲರೂ ಹಾಕಿಸುತ್ತಿದ್ದ ಕಾಲ, ಇವರೂ ಹಾಕಿಸಿದರು ಅಂದುಕೊಂಡೆ. ಮುಂದಿನ ವರ್ಷ ನಾನು ಮೈಸೂರಿನ ಹಾಸ್ಟೆಲ್ಲಿಗೆ ಹೋದೆ. ಹೊದಿಕೆ ಯಾವಾಗ ಹರಿದು ಹೋಯಿತೋ ನೆನಪಿಲ್ಲ.

ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅವರು ಕೊನೆಯ ಎರಡು ವರ್ಷ ಮಾತು ಕಳೆದುಕೊಂಡು ಮಲಗಿದ್ದಾಗಲೂ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಬಾಯಿ ತೆರೆದಿದ್ದೆ, ಯಾರೋ ಬಂದರು.

"ಅವ್ವ, ಇದ ಯಾರು ಬಳಿದದ್ದು?" ಎಂದು ಕೇಳಿದೆ.

ಅವ್ವ ಎಲೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ನಿಮ್ಮಪ್ಪನೇ ಕಣಪ್ಪ. ಸಂಕ್ರಾಂತಿಗೆ ಗಾಡಿ ಚಕ್ರಕ್ಕೆ ಬಳಿದು ಉಳ್ದಿದ್ದು ಅಟ್ಟದ ಮೇಲಿತ್ತು, ಕೆಂಪು ಡಬ್ಬ. ರಾತ್ರಿ ಬ್ಯಾರನ್ ಕಾಯಕ್ಕೆ ಹೋದಾಗ ತಕ್ಕಂಡೋಗಿ ಬೆಂಕಿ ಬೆಳಕಲ್ಲಿ ಕೂತು ಬಳ್ದವ್ರೆ. ಬೆಳಿಗ್ಗೆ ಕಾಫಿ ತಕ್ಕಂಡೋದೆ. ಬಿಸ್ಲಲ್ಲಿ ಗಾಡಿ ನಿಲ್ಸಿ ನೋಡ್ತಾ ಕೂತಿದ್ರು. 'ಥೂ, ಎಲೆ ನೋಡೋ ಕಣ್ಣು ಇದ್ಯಾಕಿಂಗೆ ಮೋಸ ಮಾಡ್ತು' ಅಂದ್ರು. ಉಗುರೆಲ್ಲ ಕೆಂಪು. ನಾನೇ ಸೀಮೆಎಣ್ಣೆ ಹಾಕಿ ಒರೆಸಿದ್ದು. ಅವತ್ತೇ ಹುಣಸೂರಿಗೋಗಿ ಆ ಕಪ್ಪು ಅಂಗಿ ಹಾಕುಸ್ಕಬಂದ್ರು."

"ನಿಂಗೆ ಗೊತ್ತಿತ್ತಾ? ಬೀಳ್ಸಿದ್ದು ಯಾರು ಅಂತ?"

"ಬಿದ್ದಿದ್ರೆ ಅವ್ರ ಪಂಚೆ ಹರೀಬೇಕಾಗಿತ್ತಲ್ಲ. ನಿನ್ನ ಪ್ಯಾಂಟು ಒಗ್ದವಳು ನಾನೇ ತಾನೆ" ಅಂದಳು. "ಹುಡ್ಗ ಓದೋ ಹೊತ್ತು, ಸುಮ್ನಿರು ಅಂದಿದ್ರು." ಅಷ್ಟು ಹೇಳಿ ಮತ್ತೆ ಎಲೆಯ ಮುಂದೆ ಹೋಗಿ ಕೂತಳು. ಬೆಳಕು ಹೋಗುವುದರೊಳಗೆ ಆ ರಾಶಿ ಮುಗಿಯಬೇಕಿತ್ತು.

ಕಡ್ಡಿ ಕಟ್ಟುತ್ತಿದ್ದ ತಮ್ಮ ಎಲ್ಲ ಕೇಳಿಸಿಕೊಂಡಿದ್ದ. ಏನೂ ಅನ್ನಲಿಲ್ಲ.

ಸಂಜೆ ಮೇಸ್ತ್ರಿಗೆ ಫೋನು ಮಾಡಿ ಫೋಟೋ ಕಳಿಸಿದೆ. ಅವರ ಮಗ ನೋಡಿ ವಿವರಿಸಿರಬೇಕು, ಮೇಸ್ತ್ರಿಯೇ ಮಾತಾಡಿದರು. "ಅದು ಡಬ್ಬದ ಎನಾಮಲ್ ಮೇಷ್ಟ್ರೇ, ಗಾಳೀಲಿ ಒಣಗಿದ್ದು. ಕೆಳಗಿರೋದು ಕಾರ್ಖಾನೇಲಿ ಬೇಯ್ಸಿದ ಬಣ್ಣ. ತಿನ್ನರ್ ಬಟ್ಟೆ ಇಟ್ರೆ ಮೇಲಿಂದು ಸುಲಿದು ಬಂದ್ಬುಡ್ತದೆ, ಕೆಳಗಿಂದು ಅಷ್ಟು ಬೇಗ ಬರಾಕಿಲ್ಲ. ತೆಗೀತೀರಾ?"

"ತೆಗೆಯದೇ ಇದ್ದರೆ?"

"ತೆಗೆಯದೇ ಇದ್ರೆ ಅದುಕ್ಕೆ ಕಾಂಪೌಂಡ್ ಹಾಕ್ಬೇಡಿ. ಮೆತ್ತಗದೆ, ಸವೆದೋಗ್ತದೆ. ಬರೀ ವ್ಯಾಕ್ಸ್ ಹಚ್ಚಿ ಬುಡಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ಬಳ್ದಿದ್ದು, ಕೈ ಪಳಗಿಲ್ಲ" ಎಂದರು. ಗಾಡಿ ಚಕ್ರದ ಬಣ್ಣ ಎಂದು ಹೇಳಿದೆ. ಅವರಿಗೆ ಖುಷಿಯಾಯಿತು. ಆ ಕೆಂಪನ್ನು ತಾವು ಎಷ್ಟು ಚಕ್ರಕ್ಕೆ ಬಳಿದಿದ್ದೇನೋ ಲೆಕ್ಕವಿಲ್ಲ ಎಂದರು.

ಉಳಿದ ಎರಡು ದಿನ ಆ ತೇಪೆಯ ಸುತ್ತ ಟೇಪು ಅಂಟಿಸಿಕೊಂಡು, ಬಾವಿಕಟ್ಟೆಯ ಸುತ್ತ ನಡೆಯುವವನ ಹಾಗೆ ಉಜ್ಜಿದೆ. ಕಾಂಪೌಂಡ್ ಆದಮೇಲೆ ನಯವಾದ ಪಾಲಿಷು. ಒಣಗಿದ ಜಾಗಗಳಲ್ಲಿ ಅದನ್ನು ಧಾರಾಳವಾಗಿ ಬಳಿದು ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಒರೆಸಿದೆ, ಹಳೆಯ ಬಣ್ಣ ಕುಡಿಯುವಷ್ಟು ಕುಡಿಯಲಿ ಎಂದು. ಕೊನೆಗೆ ಎಲ್ಲದರ ಮೇಲೂ ವ್ಯಾಕ್ಸು. ತೇಪೆಗೆ ಮಾತ್ರ ಬೆರಳಿನಲ್ಲೇ ಹಚ್ಚಿದೆ. ಇದನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು, ಇಲ್ಲವಾದರೆ ಬಿಸಿಲು ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತದೆ. ಬಲಮಗ್ಗುಲು ಎಡದಷ್ಟು ಕೆಂಪಾಗಲಿಲ್ಲ, ಆಗುವುದೂ ಇಲ್ಲ. ಹೋದ ಬಣ್ಣಕಣ ಹೋದವೇ. ದೂರದಿಂದ ನೋಡಿದರೆ ಗಾಡಿ ಒಂದೇ ಬಣ್ಣ, ಹತ್ತಿರ ಬಂದರೆ ಎರಡು, ಇನ್ನೂ ಹತ್ತಿರ ಬಂದರೆ ಮೂರು.

ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನವರು ಬಂದರು. ಒಳ್ಳೆಯ ಮನುಷ್ಯ, ಗಾಡಿಗಳ ಬಗ್ಗೆ ತುಂಬ ತಿಳಿದವರು. ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ವರ್ಷವೂ ಹೋಗುತ್ತಾರಂತೆ. ಟಾರ್ಚು ಹಾಕಿ ಇಂಚಿಂಚೂ ನೋಡಿ, ಮೂಲ ಬಣ್ಣ ಉಳಿಸಿದ್ದು ಒಳ್ಳೆಯದಾಯಿತು, ಹೊಸದಾಗಿ ಹೊಡೆಸಿದ್ದರೆ ಇಷ್ಟು ಕೊಡುತ್ತಿರಲಿಲ್ಲ ಎಂದರು. ಹುಣಸೂರಿನ ವರ್ಕ್‌ಶಾಪಿನಿಂದ ನಾನು ವಾಪಸು ಬಂದದ್ದು ತಮ್ಮನ ದೃಷ್ಟಿಯಲ್ಲಿ ಆಗ ಮೊದಲ ಸಲ ಬುದ್ಧಿವಂತಿಕೆಯಾಯಿತು. ಆಮೇಲೆ ಅವರು ಬಲಗಡೆ ಬಂದು ತೇಪೆಯ ಮೇಲೆ ಬೆರಳಿಟ್ಟರು.

"ಇದೊಂದು ತೆಗೆಸಿಬಿಡಿ. ಕೆಳಗೆ ಒರಿಜಿನಲ್ ಇರುತ್ತೆ. ಎಷ್ಟಿದ್ದರೆ ಅಷ್ಟು."

ನಾನು ಏನು ಹೇಳಬೇಕೆಂದು ತಡವರಿಸುತ್ತಿದ್ದೆ. ದುಡ್ಡು ಬೇಕಾಗಿದ್ದವನು ನಾನಲ್ಲ.

"ಅದು ತೆಗೆಯಂಗಿಲ್ಲ ಸಾರ್" ಅಂದ ತಮ್ಮ.

ಅವರು ಹತ್ತು ಸಾವಿರ ಕಡಿಮೆ ಮಾಡುವ ಮಾತಾಡಿದರು. ತೆಗೆಯುವುದು ತನಗೆ ಹತ್ತು ನಿಮಿಷದ ಕೆಲಸ, ಕೊಂಡಮೇಲೆ ತಾನೇ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದರು. ತಮ್ಮ ತಲೆ ಕೆರೆದುಕೊಂಡ. ಯೋಚನೆ ಮಾಡಿ ಹಬ್ಬ ಕಳೆದಮೇಲೆ ಫೋನು ಮಾಡುತ್ತೇನೆ ಎಂದು ಕಾಫಿ ಕುಡಿಸಿ ಕಳಿಸಿದ. ಅವರ ಕಾರು ತಿರುವು ದಾಟುವವರೆಗೂ ನಾವಿಬ್ಬರೂ ಗಾಡಿಯ ಎರಡು ಕಡೆ ನಿಂತಿದ್ದೆವು. ಕೊಳವೆಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಹೇಳಿದ. ನನ್ನ ಎರಡು ತಿಂಗಳ ಸಂಬಳಕ್ಕಿಂತ ಕಡಿಮೆಯೇ ಇತ್ತು. ಅದನ್ನು ನಾನು ಮೊದಲೇ ಕೇಳಬಹುದಾಗಿತ್ತು.

ಮಾರನೆಯ ದಿನ ಪೂಜೆಯಾಯಿತು. ಕುಂಕುಮವನ್ನು ಬಣ್ಣದ ಮೇಲೆ ಇಡಬೇಡ, ನಂಬರ್ ಪ್ಲೇಟಿಗೆ ಇಡು ಎಂದು ನಾನು ಮೇಷ್ಟ್ರುತನ ತೋರಿಸಿದೆ. ಅವ್ವ ಕೇಳಲಿಲ್ಲ, ಟ್ಯಾಂಕಿನ ನೆತ್ತಿಗೇ ಇಟ್ಟಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ತಮ್ಮ ಗಾಡಿಯನ್ನು ತಳ್ಳಿಕೊಂಡು ಚಪ್ಪರದ ಕಡೆ ಹೋದ. ನಾನು ಹಿಂದಿನಿಂದ ಕೈಕೊಟ್ಟೆ. ಒಳಗೆ ಹೋದವನು ಒಂದು ಕ್ಷಣ ನಿಂತು, ಹ್ಯಾಂಡಲ್ ಹಿಡಿದು ಪೂರ್ತಿ ತಿರುಗಿಸಿ, ಬಲಮಗ್ಗುಲು ಗೋಡೆಗೆ ಬರುವ ಹಾಗೆ ನಿಲ್ಲಿಸಿ ಸ್ಟ್ಯಾಂಡ್ ಹಾಕಿದ. ಆಮೇಲೆ ಬೆಂಕಿ ನೋಡಲು ಹೋದ.